ಐಒಎಸ್ ಸಾಗರ್
ಐಒಎಸ್ ಸಾಗರ್ (ಇಂಡಿಯನ್ ಓಷನ್ ಶಿಪ್ ಸಾಗರ್) ಎಂಬುದು ಭಾರತೀಯ ನೌಕಾಪಡೆಯು ೨೦೨೫ರ ಏಪ್ರಿಲ್‌–ಮೇ ತಿಂಗಳುಗಳಲ್ಲಿ ಹಿಂದೂ ಮಹಾಸಾಗರದ ನೈಋತ್ಯ ಭಾಗದಲ್ಲಿ ಕೈಗೊಂಡ ಕಡಲ ಭದ್ರತಾ ಸಹಕಾರ ಯಾನ. ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಇದು ಹೊರಟಿತು. ಸಾಮಾನ್ಯ ಜಂಟಿ ಸಮರಾಭ್ಯಾಸಗಳಲ್ಲಿ ಪ್ರತಿಯೊಂದು ದೇಶವೂ ತನ್ನ ಹಡಗಿನೊಡನೆ ಭಾಗವಹಿಸುತ್ತದೆ. ಈ ಯಾನದಲ್ಲಿ ಒಂಬತ್ತು ಮಿತ್ರರಾಷ್ಟ್ರಗಳ ೪೪ ನೌಕಾ ಸಿಬ್ಬಂದಿ ಭಾರತೀಯರೊಡನೆ ಒಂದೇ ಹಡಗಿನಲ್ಲಿ ಸೇವೆ ಸಲ್ಲಿಸಿದರು.

ಹಿನ್ನೆಲೆ
೧೯೮೨ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಂತೆ ಕರಾವಳಿ ರಾಷ್ಟ್ರವು ತೀರದಿಂದ ೨೦೦ ನಾಟಿಕಲ್ ಮೈಲಿಗಳವರೆಗಿನ (ಸುಮಾರು ೩೭೦ ಕಿ.ಮೀ.) ಆರ್ಥಿಕ ವಲಯದ ಸಂಪನ್ಮೂಲಗಳ ಮೇಲೆ ಹಕ್ಕು ಹೊಂದಿದೆ. ಸುಮಾರು ೪೫೫ ಚ.ಕಿ.ಮೀ. ಭೂಪ್ರದೇಶವುಳ್ಳ ಸೇಶೆಲ್ಸ್ ದೇಶದ ಈ ವಲಯ ೧೩ ಲಕ್ಷ ಚ.ಕಿ.ಮೀ.ಗೂ ಹೆಚ್ಚು, ಅಂದರೆ ಕರ್ನಾಟಕದ ವಿಸ್ತೀರ್ಣದ ಸುಮಾರು ಏಳು ಪಟ್ಟು. ಅಕ್ರಮ ಮೀನುಗಾರಿಕೆ, ಕಡಲ್ಗಳ್ಳತನ ಹಾಗೂ ಮಾದಕವಸ್ತುಗಳ ಸಾಗಣೆಯನ್ನು ಇಷ್ಟು ವಿಶಾಲವಾದ ಜಲಪ್ರದೇಶದಲ್ಲಿ ತಡೆಯುವುದು ಚಿಕ್ಕ ರಾಷ್ಟ್ರವೊಂದಕ್ಕೆ ಏಕಾಂಗಿಯಾಗಿ ಕಷ್ಟಸಾಧ್ಯ. ನೆರೆಯ ರಾಷ್ಟ್ರಗಳ ಸಹಕಾರವನ್ನು ಉದ್ದೇಶಿಸಿದ 'ಸಾಗರ್' ನೀತಿಯನ್ನು ಭಾರತ ೨೦೧೫ರಲ್ಲಿ ಮಾರಿಷಸ್‌ನಲ್ಲಿ ಪ್ರಕಟಿಸಿತು.

ಹಡಗು ಮತ್ತು ಸಿಬ್ಬಂದಿ
ಯಾನಕ್ಕೆ ಬಳಸಿದ ಹಡಗು ಐಎನ್‌ಎಸ್ ಸುನಯನಾ. ಗೋವಾ ಶಿಪ್‌ಯಾರ್ಡ್ ನಿರ್ಮಿಸಿದ ಈ ಗಸ್ತುನೌಕೆ ೨೦೧೩ರಲ್ಲಿ ಸೇವೆಗೆ ಸೇರಿತು. ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೇಶೆಲ್ಸ್, ಶ್ರೀಲಂಕಾ ಮತ್ತು ತಾಂಜಾನಿಯಾ ದೇಶಗಳ ಸಿಬ್ಬಂದಿ ಮೊದಲು ಕೊಚ್ಚಿಯಲ್ಲಿ ತರಬೇತಿ ಪಡೆದರು. ಅಗ್ನಿಶಮನ, ಹಡಗಿನ ಹಾನಿ ನಿಯಂತ್ರಣ, ಶಂಕಿತ ನೌಕೆಗಳನ್ನು ಹತ್ತಿ ಶೋಧಿಸುವ ವಿಧಾನ ಮೊದಲಾದವು ಅದರಲ್ಲಿ ಸೇರಿದ್ದವು.

ಯಾನ
೨೦೨೫ರ ಏಪ್ರಿಲ್ ೫ರಂದು, ರಾಷ್ಟ್ರೀಯ ಕಡಲಯಾನ ದಿನದಂದು, ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಕಾರವಾರದಲ್ಲಿ ಹಡಗನ್ನು ಬೀಳ್ಕೊಟ್ಟರು. ತಾಂಜಾನಿಯಾದ ದಾರ್-ಎಸ್-ಸಲಾಮ್‌ನಲ್ಲಿ ಏಪ್ರಿಲ್ ೧೩ರಿಂದ ೧೮ರವರೆಗೆ ನಡೆದ ಆಫ್ರಿಕಾ–ಭಾರತ ನೌಕಾ ಸಮರಾಭ್ಯಾಸದಲ್ಲಿ ಅದು ಭಾಗವಹಿಸಿತು. ಬಳಿಕ ಮೊಜಾಂಬಿಕ್‌ನ ನಕಾಲಾ, ಮಾರಿಷಸ್‌ನ ಪೋರ್ಟ್ ಲೂಯಿಸ್ ಮತ್ತು ಸೇಶೆಲ್ಸ್‌ನ ಪೋರ್ಟ್ ವಿಕ್ಟೋರಿಯಾ ಬಂದರುಗಳಿಗೆ ಭೇಟಿ ನೀಡಿತು. ಆತಿಥೇಯ ರಾಷ್ಟ್ರಗಳ ಆರ್ಥಿಕ ವಲಯಗಳಲ್ಲಿ ಜಂಟಿ ಕಾವಲು ನಡೆಸುವುದು ಯಾನದ ಮುಖ್ಯ ಕಾರ್ಯಗಳಲ್ಲೊಂದಾಗಿತ್ತು. ಮೇ ೮ರಂದು ಹಡಗು ಕೊಚ್ಚಿಗೆ ಮರಳಿತು.

ಕಾರವಾರ ನೆಲೆ
ಕಾರವಾರದ ನೌಕಾನೆಲೆಗೆ ಬನವಾಸಿಯ ಕದಂಬ ರಾಜವಂಶದ ಹೆಸರಿನಿಂದ 'ಐಎನ್‌ಎಸ್ ಕದಂಬ' ಎಂದು ನಾಮಕರಣ ಮಾಡಲಾಗಿದೆ. 'ಸೀಬರ್ಡ್' ಯೋಜನೆಯಡಿ ನಿರ್ಮಾಣಗೊಂಡ ಈ ನೆಲೆ ೨೦೦೫ರಲ್ಲಿ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಯ ಅನೇಕ ರೈತ ಹಾಗೂ ಮೀನುಗಾರ ಕುಟುಂಬಗಳು ಸ್ಥಳಾಂತರಗೊಂಡವು.

ನಿರಂತರ ವ್ಯವಸ್ಥೆ
ಇಂತಹ ಯಾನಗಳು ನಿಯತ ಅವಧಿಯವು. ವರ್ಷವಿಡೀ ಹಡಗುಗಳ ಚಲನವಲನದ ಮಾಹಿತಿಯನ್ನು ಪಾಲುದಾರ ರಾಷ್ಟ್ರಗಳೊಡನೆ ಹಂಚಿಕೊಳ್ಳಲು ಭಾರತೀಯ ನೌಕಾಪಡೆಯು ೨೦೧೮ರಲ್ಲಿ ಹರಿಯಾಣದ ಗುರುಗ್ರಾಮದಲ್ಲಿ ಹಿಂದೂ ಮಹಾಸಾಗರ ಪ್ರದೇಶದ ಮಾಹಿತಿ ಕೇಂದ್ರವನ್ನು ಸ್ಥಾಪಿಸಿದೆ.