ವೃತ್ತಿ ಮತ್ತು ಬೊಜ್ಜು

ದುಡಿಮೆಯ ಸ್ವರೂಪಕ್ಕೂ ದುಡಿಯುವವರ ದೇಹತೂಕಕ್ಕೂ ಇರುವ ಸಂಬಂಧವನ್ನು ಸಾರ್ವಜನಿಕ ಆರೋಗ್ಯಶಾಸ್ತ್ರ ಬಹುಕಾಲದಿಂದ ಪರಿಶೀಲಿಸುತ್ತ ಬಂದಿದೆ. ದೇಹತೂಕ ಸೂಚ್ಯಂಕ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೊಜ್ಜು ಎನ್ನುತ್ತದೆ. ಭಾರತೀಯರಿಗೆ ಇಲ್ಲಿನ ತಜ್ಞರು 25ರ ಮಿತಿಯನ್ನು ಸೂಚಿಸಿದ್ದಾರೆ.

ಆರಂಭದ ಪುರಾವೆಗಳಲ್ಲಿ ಬಹಳ ಮುಖ್ಯವಾದುದೊಂದು ಬಂಗಾಳದ್ದು. ಅಲ್ಲಿನ ಸೆಣಬಿನ ಗಿರಣಿಯ ಕೆಲಸಗಾರರನ್ನು ಕುರಿತು ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತು ಕೆಲಸ ಮಾಡುವವರು ಹಗುರ ದೈಹಿಕ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು, ಹೆಚ್ಚು ತೂಗುತ್ತಿದ್ದರು. ದೇಹಶ್ರಮ ತೀರ ಕಡಿಮೆಯಾದಾಗ ಹಸಿವು ಅದಕ್ಕೆ ತಕ್ಕಂತೆ ತಗ್ಗುವುದಿಲ್ಲ ಎಂಬ ಈ ತಿಳಿವಳಿಕೆಯ ಬೆಲೆ ಇಂದಿಗೂ ಕುಂದಿಲ್ಲ. ಅದೇ ವರ್ಷ ಜೆರ್ರಿ ಮಾರಿಸ್ ತಂಡ ಲಂಡನ್ ಬಸ್ ಸಿಬ್ಬಂದಿಯ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿತು: ಮಹಡಿ ಹತ್ತಿಳಿಯುವ ನಿರ್ವಾಹಕರಿಗಿಂತ ಚಾಲಕರ ಸೊಂಟದ ಸುತ್ತಳತೆ ದೊಡ್ಡದಿತ್ತು.

ಚಾಲಕ ವೃತ್ತಿಯ ಅಪಾಯ ಈಗಲೂ ಎದ್ದು ಕಾಣುತ್ತದೆ. ಅಮೆರಿಕದಲ್ಲಿ 2010ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೂರಪ್ರಯಾಣದ ಲಾರಿ ಚಾಲಕರ ಪೈಕಿ ಶೇ. 69ರಷ್ಟು ಮಂದಿಗೆ ಬೊಜ್ಜಿತ್ತು; ಅಲ್ಲಿನ ಒಟ್ಟು ವಯಸ್ಕ ದುಡಿಮೆಗಾರರಲ್ಲಿ ಈ ಪ್ರಮಾಣ ಸುಮಾರು ಶೇ. 31. ದೀರ್ಘ ಕೂರುವಿಕೆ, ಕೆಟ್ಟ ನಿದ್ದೆ, ಹೆದ್ದಾರಿ ಬದಿಯ ಎಣ್ಣೆ-ಸಕ್ಕರೆಯ ಆಹಾರ ಇಲ್ಲಿ ಒಟ್ಟಾಗುತ್ತವೆ. ದಾದಿಯರು, ಕಾವಲುಗಾರರು, ಕಾಲ್ ಸೆಂಟರ್ ನೌಕರರಲ್ಲಿ ರಾತ್ರಿಪಾಳಿಯೇ ಪ್ರತ್ಯೇಕ ಕಾರಣ. ಅದು ದೇಹದ ದಿನಚರಿ ಗಡಿಯಾರವನ್ನು ಕದಡುತ್ತದೆ.

ಆದರೆ ಎಲ್ಲ ವ್ಯತ್ಯಾಸವನ್ನೂ ಕೆಲಸದ ಮೇಲೆ ಹೊರಿಸಲಾಗದು. ಆದಾಯ, ಶಿಕ್ಷಣ, ವಯಸ್ಸುಗಳೂ ಫಲಿತಾಂಶವನ್ನು ಬದಲಿಸುತ್ತವೆ. ಕೆಲಸಕ್ಕೆ ಸೇರುವಾಗಲೇ ಚಾಲಕರ ಮೈಕಟ್ಟು ಬೇರೆಯಿದ್ದಿರಬಹುದು ಎಂಬ ಪ್ರಶ್ನೆಯನ್ನು ಲಂಡನ್ ಅಧ್ಯಯನವೇ ಎತ್ತಿತ್ತು.