ಸ್ಟೂಲಿಗೆ ಎಂಜಿನ್ ಕಟ್ಟಿದವರು

2009ರಲ್ಲಿ ಅಮೆರಿಕದ ಒಹಾಯೊ ರಾಜ್ಯದಿಂದ ಒಂದು ಸುದ್ದಿ ಬಂತು. ಕುಡಿದು ಗಾಡಿ ಓಡಿಸಿ ಬಿದ್ದವನೊಬ್ಬನ ಮೇಲೆ ಪೊಲೀಸರು ಕೇಸ್ ಹಾಕಿದ್ರು. ಅದರಲ್ಲೇನು ವಿಶೇಷ ಅಂತೀರಾ? ಗಾಡಿ ಅಂದ್ರೆ ಕಾರಲ್ಲ, ಬೈಕೂ ಅಲ್ಲ. ಬಾರ್ ಕೌಂಟರ್ ಮುಂದೆ ಇಡ್ತಾರಲ್ಲ, ಆ ಎತ್ತರದ ಸ್ಟೂಲು! ಅದಕ್ಕೆ ಚಕ್ರ, ಜೊತೆಗೆ ಹುಲ್ಲು ಕತ್ತರಿಸುವ ಮಷಿನ್ನಿನ ಎಂಜಿನ್. ಜಗತ್ತು ನಕ್ಕು ಮರೆತುಬಿಟ್ಟಿತು.

ನಕ್ಕಾದ ಮೇಲೆ ಆ ಸ್ಟೂಲಿನ ಕೆಳಗೆ ಸ್ವಲ್ಪ ಬಗ್ಗಿ ನೋಡಿ, ಅಲ್ಲಿ ನೂರು ವರ್ಷದ ಇತಿಹಾಸ ಇದೆ. ಬಾರ್ ಸ್ಟೂಲ್ ರೇಸರ್ ಅಮೆರಿಕದ ಮನೆ ಗ್ಯಾರೇಜುಗಳ ಹವ್ಯಾಸ. ಅದರ ಭಾಗಗಳೆಲ್ಲ ಬೇರೆ ಯಾವುದೋ ಕೆಲಸಕ್ಕೆ ಹುಟ್ಟಿ ಇಲ್ಲಿಗೆ ಬಂದು ಸೇರಿದವು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಪೂರ್ತಿ ಹಳೇ ಲೈಬ್ರರಿಗಳ ಮೇಲೆ ನಿಂತ ಪ್ರಾಜೆಕ್ಟು.

ಮೊದಲು ಎಂಜಿನ್. ಎ.ಒ. ಸ್ಮಿತ್ ಹೆಸರು ನಿಮಗೆ ಬಾತ್‌ರೂಮಿನ ಗೀಸರ್‌ನಿಂದ ಗೊತ್ತಿರುತ್ತೆ. ಮಿಲ್ವಾಕೀಯ ಅದೇ ಕಂಪನಿ ಒಂದು ಕಾಲದಲ್ಲಿ ಸೈಕಲ್ಲಿಗೆ ಸಿಕ್ಕಿಸುವ ಮೋಟಾರು ಚಕ್ರ ಮಾರುತ್ತಿತ್ತು. ಆಮೇಲೆ ಮರದ ಹಲಗೆಗಳ ಚಾಸಿಗೆ ನಾಲ್ಕು ಚಕ್ರ ಹಾಕಿ, ಹಿಂದೆ ಐದನೆಯದಾಗಿ ಈ ಮೋಟಾರು ಚಕ್ರ ಜೋಡಿಸಿ ‘ಫ್ಲೈಯರ್’ ಅನ್ನೋ ಪುಟ್ಟ ಗಾಡಿ ಮಾಡಿತು. 1919ರಲ್ಲಿ ಇದರ ಹಕ್ಕನ್ನು ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕೊಂಡುಕೊಂಡಿತು. ಕ್ಲಚ್ ಇರಲಿಲ್ಲ. ಲಿವರ್ ಎಳೆದು ಐದನೇ ಚಕ್ರವನ್ನ ನೆಲದಿಂದ ಎತ್ತಿದರೆ ಎಂಜಿನ್ ಸುಮ್ಮನೆ ತಿರುಗುತ್ತಿತ್ತು, ಇಳಿಸಿದರೆ ಗಾಡಿ ಹೊರಡುತ್ತಿತ್ತು. ಅಷ್ಟೇ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಊರಾಚೆ ಬಡಾವಣೆಗಳು ಎದ್ದವು. ಮನೆ ಮುಂದೆಲ್ಲ ಹುಲ್ಲುಹಾಸು, ಅದಕ್ಕೊಂದು ಮಷಿನ್ನು. 1953ರಲ್ಲಿ ಬ್ರಿಗ್ಸ್ ಕಂಪನಿ ಹಗುರವಾದ ಅಲ್ಯೂಮಿನಿಯಂ ಎಂಜಿನ್ ತಂದಿತು. ಸಣ್ಣ ಎಂಜಿನ್ ಮನೆಮನೆಗೂ ಬಂತು. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಅಂಥದ್ದೇ ಒಂದು ಸಣ್ಣ ವೆಸ್ಟ್ ಬೆಂಡ್ ಎಂಜಿನ್ನನ್ನು ಪೈಪಿನ ಚಾಸಿಗೆ ಕೂರಿಸಿ ಮೊದಲ ಗೋ-ಕಾರ್ಟ್ ಕಟ್ಟಿದ. ಅವನ ಕೆಲಸ ಕರ್ಟಿಸ್ ಕ್ರಾಫ್ಟ್ ಅನ್ನೋ ರೇಸ್ ಕಾರ್ ಕಂಪನಿಯಲ್ಲಿ. ಕೆಲವೇ ವರ್ಷದಲ್ಲಿ ಕಾರ್ಟಿನ ಆಕ್ಸಲ್, ಸ್ಪ್ರಾಕೆಟ್, ಬ್ರೇಕ್ ಎಲ್ಲಾ ಅಂಗಡಿ ಸಾಮಾನಾದವು. ಇವತ್ತಿನ ಸ್ಟೂಲ್ ರೇಸರ್ ನಿಂತಿರೋದು ಅವುಗಳ ಮೇಲೆ.

ಆದರೆ ಭಾಗದ ಜೊತೆ ಅದರ ಹಿಂದಿನ ಜನ್ಮವೂ ಬರುತ್ತೆ. ಹುಲ್ಲಿನ ಮಷಿನ್ನಲ್ಲಿ ಬ್ಲೇಡ್ ಮಲಗಿ ತಿರುಗಬೇಕು, ಹಾಗಾಗಿ ಶಾಫ್ಟ್ ಕೆಳಮುಖ. ಚಕ್ರಕ್ಕೆ ನೇರ ಚೈನ್ ಹಾಕಲು ಬೇಕಿರೋದು ಅಡ್ಡ ಶಾಫ್ಟ್. ಅದಕ್ಕೇ ಮೊದಲ ಸಲ ಕಟ್ಟುವವರಿಗೆ ಟಿಲ್ಲರ್, ನೀರಿನ ಪಂಪಿನ ಎಂಜಿನ್ನೇ ಸಲೀಸು. ಇಂಥ ಎಂಜಿನ್ನುಗಳನ್ನು ಗವರ್ನರ್ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 3600 ಸುತ್ತಿಗೆ ಹಿಡಿದಿಡುತ್ತೆ. ವೇಗದ ಆಸೆಗೆ ಅದನ್ನು ಕಿತ್ತರೆ, ಹಳೇ ಬ್ರಿಗ್ಸ್ ಎಂಜಿನ್ನಿನ ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆದು ಹೊರಬರಬಹುದು.

ಕ್ಲಚ್ಚಿಗೆ ಸುಲಭದ ಆಯ್ಕೆ ಸೆಂಟ್ರಿಫ್ಯೂಗಲ್. ಸುತ್ತು ಏರಿದಾಗ ಒಳಗಿನ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ಇಳಿದಾಗ ಬಿಡುತ್ತವೆ. ನಮ್ಮ ಗೇರ್ ಇಲ್ಲದ ಸ್ಕೂಟರಿನಲ್ಲೂ ಇರೋದು ಇದೇ ತತ್ವ. ಕ್ಲಚ್ಚಿನಲ್ಲಿ 12 ಹಲ್ಲು, ಆಕ್ಸಲಿನಲ್ಲಿ 72 ಹಲ್ಲು, 10 ಇಂಚಿನ ಚಕ್ರ ಇಟ್ಕೊಳ್ಳಿ. 3600 ಸುತ್ತಿಗೆ ಗಂಟೆಗೆ ಸುಮಾರು 29 ಕಿ.ಮೀ. ವೇಗ. ಕಮ್ಮಿ ಆಯ್ತು ಅನ್ಸುತ್ತಾ?

ಹಾಗನ್ನಿಸಿದರೆ ಎತ್ತರ ನೆನಪು ಮಾಡ್ಕೊಳ್ಳಿ. ಕಾರ್ಟಿನಲ್ಲಿ ಕೂತವನ ಸೊಂಟ ನೆಲಕ್ಕೆ ಕೆಲವೇ ಇಂಚು ದೂರ. ಕಾರ್ಟಿನ ಭಾಗಗಳೆಲ್ಲ ಆ ಲೆಕ್ಕದಲ್ಲೇ ಹುಟ್ಟಿದವು. ಬಾರ್ ಸ್ಟೂಲು ಸುಮಾರು 30 ಇಂಚು ಎತ್ತರ. ಚಕ್ರಗಳ ಅಗಲ ಅಷ್ಟೇ ಇದ್ದು ತೂಕದ ಕೇಂದ್ರ ಎರಡು ಪಟ್ಟು ಮೇಲೇರಿದರೆ, ಮಗುಚದೆ ತಡೆದುಕೊಳ್ಳುವ ತಿರುವಿನ ಬಲ ಅರ್ಧಕ್ಕಿಳಿಯುತ್ತೆ. ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಹಿಂದಕ್ಕೆ ಬೀಳ್ತೀವಿ, ಬ್ರೇಕ್ ಒತ್ತಿದರೆ ಮುಂದಕ್ಕೆ. ಸ್ಟೂಲಿಗೆ ಹಿಡಿದುಕೊಳ್ಳೋಕೆ ಬೆನ್ನೂ ಇಲ್ಲ, ಕೈಯೂ ಇಲ್ಲ.

ಹಾಗಾಗಿ ಪಟ್ಟಿಯನ್ನ ತಲೆಕೆಳಗು ಬರೀಬೇಕು. ಮೊದಲು ಸ್ಟೂಲಿನ ಕಾಲು ಎಷ್ಟು ಕತ್ತರಿಸಬೇಕು, ಆಕ್ಸಲ್ ಎಷ್ಟು ಅಗಲ, ಮುಂದಿನ ಹಿಂದಿನ ಚಕ್ರಗಳ ನಡುವೆ ಎಷ್ಟು ಅಂತರ ಅನ್ನೋದು ತೀರ್ಮಾನ ಆಗಲಿ. ಆಮೇಲೆ ಬ್ರೇಕು, ಜೊತೆಗೆ ಬಿದ್ದ ತಕ್ಷಣ ಎಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ಚು. ಕ್ಲಚ್ ಅದಾದ ಮೇಲೆ, ಎಂಜಿನ್ ಕೊನೆಗೆ. ಓಡಿಸೋಕೆ ಖಾಲಿ ಜಾಗ, ತಲೆಗೆ ಹೆಲ್ಮೆಟ್, ಹೊಟ್ಟೆಯಲ್ಲಿ ಬರೀ ಕಾಫಿ.

ಎಂಜಿನ್ನನ್ನು ಅಗ್ಗ ಮಾಡೋ ಕೆಲಸ ನೂರು ವರ್ಷದಲ್ಲಿ ಬೇರೆಯವರು ಮಾಡಿಟ್ಟಿದ್ದಾರೆ. ಸ್ಟೂಲಿನ ಎತ್ತರದ ಲೆಕ್ಕ ಮಾತ್ರ ಯಾವ ರೆಡಿಮೇಡ್ ಭಾಗದ ಜೊತೆಗೂ ಬರಲ್ಲ. ಅದನ್ನ ಕಟ್ಟುವವನೇ ಕೂತು ಮಾಡಬೇಕು, ಮೇಲೆ ಹತ್ತೋದಕ್ಕಿಂತ ಮುಂಚೆ.