ನಮ್ಮೂರ ಚರಿತ್ರೆಗೊಂದು ಕಪಾಟು

ನಿಜಾಮರ ಆಳ್ವಿಕೆಯಿಂದ ನಮ್ಮ ಭಾಗ ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ರಂದು. ಅದಕ್ಕಾಗಿ ಮುಂಡರಗಿ ಶಿಬಿರದ ಮುಂದಾಳಾಗಿ ಹೋರಾಡಿದ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ಪುಸ್ತಕಗಳಲ್ಲಿದೆ. ಆ ಕಾಲವನ್ನು ಕಂಡುಂಡ ಸಾಮಾನ್ಯರ ಕಥೆ ಮನೆಮಂದಿಯ ನೆನಪಿನಲ್ಲಷ್ಟೇ ಇದೆ.

ಆಗಿನ ಆಡಳಿತ ಭಾಷೆ ಉರ್ದು. ಅಜ್ಜನ ಟ್ರಂಕಿನಲ್ಲಿದ್ದ ಉರ್ದು ಕಾಗದಗಳನ್ನು ಓದಲು ಬಾರದೆ ನಾವೇ ರದ್ದಿಗೆ ಹಾಕಿದೆವು. ಆ ತಪ್ಪು ನನ್ನನ್ನು ಇಂದಿಗೂ ಚುಚ್ಚುತ್ತದೆ.

1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಸ್ತಪ್ರತಿಗಳನ್ನು ಸಂಗ್ರಹಿಸಿ ಕಾಪಾಡುತ್ತಿದೆ. ಅಲ್ಲಿನ ವಿದ್ವಾಂಸರು ಬಂದು ಕಾಪಿಡುವ ಕ್ರಮ ಕಲಿಸಲಿ. ನಮ್ಮ ಮಕ್ಕಳು ಹಿರಿಯರ ಮಾತನ್ನು ಹೆಸರು, ದಿನಾಂಕ ಸಹಿತ ಬರೆದಿಡಲಿ. ಮೂಲ ಕಾಗದ ಮನೆಯಲ್ಲೇ ಇರಲಿ, ನಕಲು ಶಾಲೆಗೆ ಬರಲಿ. ಸುವರ್ಣ ಮಹೋತ್ಸವದ ನೆನಪಿಗೆ ಒಂದು ಕಪಾಟು ಅದಕ್ಕೆ ಮೀಸಲಾಗಲಿ. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.